ಒಂದು ರೂಪಾಯಿ ಡಾಕ್ಟರು, ಒಂದೂವರೆ ಲಕ್ಷದ ಕಾರ್ಡು

ಗಂಟಲಲ್ಲಿ ಶುರುವಾಗಿ ಹೃದಯದಲ್ಲಿ ಬೇರು ಬಿಡುವ ಕಾಯಿಲೆಯೊಂದಿದೆ. ಎಂಟು ಹತ್ತು ವರ್ಷದ ಹುಡುಗಿಗೆ ಗಂಟಲು ನೋವು, ಜ್ವರ ಬಂದು ಹೋಗುತ್ತದೆ. ಎರಡು ಮೂರು ವಾರದ ಮೇಲೆ ಮಂಡಿ ಊದಿಕೊಳ್ಳುತ್ತದೆ, ಅದು ಇಳಿಯುವಷ್ಟರಲ್ಲಿ ಮೊಣಕೈ. ಮನೆಯವರು ಎಣ್ಣೆ ಹಚ್ಚಿ ನೀವುತ್ತಾರೆ. ಊತ ತಾನಾಗಿ ಇಳಿದಾಗ ಎಲ್ಲರೂ ಮರೆಯುತ್ತಾರೆ. ಆದರೆ ಗಂಟಲಿನ ಸ್ಟ್ರೆಪ್ಟೊಕಾಕಸ್ ರೋಗಾಣುವನ್ನು ಹೊಡೆಯಲು ಎದ್ದ ದೇಹದ ರಕ್ಷಣಾ ಶಕ್ತಿ ದಾರಿ ತಪ್ಪಿ ಹೃದಯದ ಕವಾಟಗಳ ಮೇಲೂ ಎರಗಿರುತ್ತದೆ. ಗಂಟಲು ನೋವು ಮರುಕಳಿಸಿದಷ್ಟೂ ಕವಾಟದ ಪದರಗಳು ದಪ್ಪಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ರಕ್ತ ಹರಿಯುವ ಬಾಗಿಲು ಕಿರಿದಾಗುತ್ತದೆ. ಹುಡುಗಿ ದೊಡ್ಡವಳಾಗಿ ಬಸುರಾದಾಗ, ಮೈಯಲ್ಲಿ ರಕ್ತ ಹೆಚ್ಚಿ ಹೃದಯದ ಕೆಲಸ ಏರಿದಾಗ, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದರೆ ಎಡಭಾಗದ ಮೈಟ್ರಲ್ ಕವಾಟ ಹಾಳಾಗಿರುವುದು ಕಾಣುತ್ತದೆ. ಇದು ರುಮ್ಯಾಟಿಕ್ ಹೃದ್ರೋಗ.

ಇದಕ್ಕೆ ಮುಖ್ಯವಾಗಿ ಎರಡು ಚಿಕಿತ್ಸೆಗಳಿವೆ. ಕಾಯಿಲೆ ಮೊದಲು ಕಂಡಾಗಲೇ ಹಿಡಿದರೆ ಬೆಂಜಥೀನ್ ಪೆನ್ಸಿಲಿನ್ ಚುಚ್ಚುಮದ್ದು: ದೊಡ್ಡವರಿಗೆ 12 ಲಕ್ಷ ಯೂನಿಟ್, ತೂಕ ಕಡಿಮೆಯಿರುವ ಮಕ್ಕಳಿಗೆ 6 ಲಕ್ಷ, ಮೂರು ವಾರಕ್ಕೊಮ್ಮೆ, ವರ್ಷಗಟ್ಟಲೆ. ಹಿಡಿಯದೆ ಬಿಟ್ಟರೆ ಮುಂದೊಂದು ದಿನ ಎದೆ ತೆರೆದು ಕವಾಟ ಬದಲಿಸುವ ಶಸ್ತ್ರಚಿಕಿತ್ಸೆ. ಚುಚ್ಚುಮದ್ದು ಹಳ್ಳಿ ಡಾಕ್ಟರ ಕೆಲಸ. ಶಸ್ತ್ರಚಿಕಿತ್ಸೆಗೆ ಬಡವರ ಮನೆಯಲ್ಲಿ ದುಡ್ಡಿರುವುದಿಲ್ಲ, ಅದನ್ನು ಕೊಡಿಸಲು ಸರ್ಕಾರವೇ ಬೇಕು.

ಈ ಎರಡೂ ತುದಿಯಲ್ಲಿ ನಿಂತವರು ಆಂಧ್ರಪ್ರದೇಶದ ಮುಖ್ಯಮಂತ್ರಿಯಾಗಿದ್ದ ಡಾ. ವೈ.ಎಸ್. ರಾಜಶೇಖರ ರೆಡ್ಡಿ. ಬಡವರಿಗೆ ದೊಡ್ಡ ಆಸ್ಪತ್ರೆಯ ಚಿಕಿತ್ಸೆಯನ್ನು ಉಚಿತವಾಗಿ ಕೊಡಿಸಲು ಅವರ ಕಾಲದಲ್ಲಿ ಬಂದ ಆರೋಗ್ಯಶ್ರೀ ಯೋಜನೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅವರು ಎಂಥ ಡಾಕ್ಟರಾಗಿದ್ದರು ಎಂಬುದರಿಂದಲೇ ಶುರು ಮಾಡಬೇಕು. ಆ ಯೋಜನೆಯ ಬಲವೂ ಅದರ ದೊಡ್ಡ ಕೊರತೆಯೂ ಅಲ್ಲಿಂದ ನೋಡಿದರೆ ಸ್ಪಷ್ಟವಾಗುತ್ತವೆ.

ಬಳ್ಳಾರಿ, ಗುಲ್ಬರ್ಗ, ಪುಲಿವೆಂದುಲ

ಅವರು ಹುಟ್ಟಿದ್ದು 1949ರ ಜುಲೈ 8ರಂದು, ಕಡಪ ಜಿಲ್ಲೆಯ ಜಮ್ಮಲಮಡುಗಿನಲ್ಲಿ. ಶಾಲೆ ಓದಿದ್ದು ನಮ್ಮ ಬಳ್ಳಾರಿಯ ಸೇಂಟ್ ಜಾನ್ಸ್‌ನಲ್ಲಿ. ಎಂಬಿಬಿಎಸ್ ಮಾಡಿದ್ದು ಗುಲ್ಬರ್ಗದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿನಲ್ಲಿ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಆ ಕಾಲೇಜನ್ನು 1963ರಲ್ಲಿ ತೆರೆದಿತ್ತು. ಅಲ್ಲಿ ವಿದ್ಯಾರ್ಥಿ ಸಂಘದ ಅಧ್ಯಕ್ಷರಾದರು. ಹೌಸ್ ಸರ್ಜನ್ ಆಗಿ ತಿರುಪತಿಯ ಎಸ್.ವಿ. ವೈದ್ಯಕೀಯ ಕಾಲೇಜಿಗೆ ಹೋದಾಗ ಅಲ್ಲಿಯೂ ಹೌಸ್ ಸರ್ಜನ್‌ಗಳ ಸಂಘದ ಮುಂದಾಳು ಅವರೇ. ರಾಜಕೀಯದ ರುಚಿ ಸ್ಟೆತಸ್ಕೋಪಿನ ಜೊತೆಜೊತೆಗೇ ಹತ್ತಿತ್ತು.

ಓದು ಮುಗಿಸಿ ಸ್ವಲ್ಪ ಕಾಲ ಜಮ್ಮಲಮಡುಗಿನ ಕ್ಯಾಂಬೆಲ್ ಮಿಷನ್ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದರು. 1973ರಲ್ಲಿ ಪುಲಿವೆಂದುಲದಲ್ಲಿ ತಂದೆ ರಾಜಾರೆಡ್ಡಿಯವರ ಹೆಸರಿನಲ್ಲಿ 70 ಹಾಸಿಗೆಯ ಧರ್ಮಾಸ್ಪತ್ರೆ ಕಟ್ಟಿದರು. ನೋಡಿದ್ದಕ್ಕೆ ತೆಗೆದುಕೊಳ್ಳುತ್ತಿದ್ದ ಫೀಸು ಒಂದು ರೂಪಾಯಿ. ಊರವರು ಅವರನ್ನು ಒಂದು ರೂಪಾಯಿ ಡಾಕ್ಟರು ಎಂದೇ ಕರೆದರು.

ಈ ಒಂದು ರೂಪಾಯಿಯ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಡಾಕ್ಟರ ಫೀಸು ರೋಗಿಯ ಖರ್ಚಿನ ಒಂದು ಚಿಕ್ಕ ಪಾಲು ಮಾತ್ರ. ಔಷಧಿ, ಗ್ಲೂಕೋಸ್ ಬಾಟಲಿ, ನರ್ಸುಗಳ ಸಂಬಳ, ವಿದ್ಯುತ್ತು, ಇವಕ್ಕೆಲ್ಲ ಬೇರೆ ಎಲ್ಲಿಂದಲೋ ದುಡ್ಡು ಬರಬೇಕು. ಒಂದು ರೂಪಾಯಿಗೆ ಆಸ್ಪತ್ರೆ ನಡೆಯುತ್ತದೆ ಅಂದರೆ ಅದರ ಹಿಂದೆ ಅನುಕೂಲಸ್ಥ ಕುಟುಂಬವೊಂದು ನಿಂತಿದೆ ಎಂದೇ ಅರ್ಥ. ರಾಜಾರೆಡ್ಡಿಯವರು ಸೀಮೆಯ ಪ್ರಬಲ ಮನುಷ್ಯ. ಅದೇ ಸೀಮೆಯ ಮುಠಾ ಜಗಳಕ್ಕೆ, ಅಂದರೆ ಗುಂಪು ದ್ವೇಷಕ್ಕೆ, 1998ರಲ್ಲಿ ಬಾಂಬ್ ದಾಳಿಯಲ್ಲಿ ಬಲಿಯಾದವರೂ ಅವರೇ. ರಾಯಲಸೀಮೆಯ ರಾಜಕೀಯದಲ್ಲಿ ಹಣ, ಜಾತಿ, ಬಲ ಮೂರೂ ಒಂದೇ ಮನೆಯಲ್ಲಿ ಸೇರುವುದು ಹೊಸತೇನಲ್ಲ. ಅದಕ್ಕೆ ಆಸ್ಪತ್ರೆಯೊಂದು ಸೇರಿದಾಗ ಆಗುವುದೇ ಬೇರೆ.

ಹಳ್ಳಿ ಡಾಕ್ಟರಿಗೆ ಒಂದು ತಾಲ್ಲೂಕಿನ ಬದುಕು ಒಳಗಿನಿಂದ ಗೊತ್ತಿರುತ್ತದೆ. ಯಾರ ಮನೆಯಲ್ಲಿ ಕ್ಷಯ ಇದೆ, ಯಾರು ಹೆರಿಗೆಗೆ ಎತ್ತಿನ ಗಾಡಿಯಲ್ಲಿ ಬಂದರು, ಯಾರು ಚೀಟಿ ಬರೆಸಿಕೊಂಡು ಔಷಧಿ ಕೊಳ್ಳದೆ ಮನೆಗೆ ಹೋದರು, ಎಲ್ಲವೂ. ಶಾಸಕನ ಹತ್ತಿರ ಜನ ವರ್ಷಕ್ಕೊಮ್ಮೆ ಬಂದರೆ ಹೆಚ್ಚು, ಡಾಕ್ಟರ ಹತ್ತಿರ ಪ್ರತಿ ಮಳೆಗಾಲಕ್ಕೂ ಬರುತ್ತಾರೆ. ಹೊರರೋಗಿ ವಿಭಾಗದ ಸಾಲಿನಲ್ಲಿ ಎಲ್ಲ ಜಾತಿಯವರೂ, ಎರಡೂ ಪಕ್ಷದವರೂ ನಿಂತಿರುತ್ತಾರೆ. ಐದು ವರ್ಷ ಹೀಗೆ ಕೂತವರು 1978ರ ಚುನಾವಣೆಯಲ್ಲಿ ಪುಲಿವೆಂದುಲದಿಂದ ವಿಧಾನಸಭೆಗೆ ಗೆದ್ದರು. ಅಲ್ಲಿಂದ ಸಾಯುವವರೆಗೂ ಯಾವ ಚುನಾವಣೆಯನ್ನೂ ಸೋಲಲಿಲ್ಲ.

ಮುಂದಿನ ರಾಜಕೀಯ ಚರಿತ್ರೆಯನ್ನು ಬೇಗ ದಾಟಬಹುದು. 1980ರಲ್ಲಿ ಗ್ರಾಮೀಣಾಭಿವೃದ್ಧಿ ಖಾತೆಯ ಕಿರಿಯ ಮಂತ್ರಿ, ಆಮೇಲೆ ಶಿಕ್ಷಣ ಮಂತ್ರಿ. 1983ರಲ್ಲಿ ಪ್ರದೇಶ ಕಾಂಗ್ರೆಸ್ ಅಧ್ಯಕ್ಷ. 1989ರಿಂದ ನಾಲ್ಕು ಸಲ ಕಡಪದ ಲೋಕಸಭಾ ಸದಸ್ಯ. 1999ರಲ್ಲಿ ಮತ್ತೆ ವಿಧಾನಸಭೆ, ವಿರೋಧ ಪಕ್ಷದ ನಾಯಕ. ಡಾಕ್ಟರಿಕೆ ಇಷ್ಟರಲ್ಲಿ ಬಹಳ ಹಿಂದೆ ಉಳಿದಿತ್ತು.

2003ರ ಏಪ್ರಿಲ್ 9ರಂದು ರಂಗಾರೆಡ್ಡಿ ಜಿಲ್ಲೆಯ ಚೇವೆಳ್ಳದಿಂದ ಪಾದಯಾತ್ರೆ ಹೊರಟರು. ಬರಗಾಲ, ಬಿರುಬೇಸಿಗೆ. ರಾಜಮಂಡ್ರಿಯ ಹತ್ತಿರ ಬಿಸಿಲ ಝಳಕ್ಕೆ ಕಾಯಿಲೆ ಬಿದ್ದು ಕೆಲವು ದಿನ ನಿಲ್ಲಬೇಕಾಯಿತು. ಜೂನ್ ಮಧ್ಯದಲ್ಲಿ ಒಡಿಶಾ ಗಡಿಯ ಇಚ್ಛಾಪುರಂ ಮುಟ್ಟಿದಾಗ ನಡೆದ ದಾರಿ ಸುಮಾರು 1,470 ಕಿಲೋಮೀಟರ್. ದಾರಿಯುದ್ದಕ್ಕೂ ಜನ ಹೇಳಿಕೊಂಡದ್ದು ಬೋರ್‌ವೆಲ್ ಸಾಲ, ಕರೆಂಟ್ ಬಿಲ್ಲು, ಆಸ್ಪತ್ರೆ ಖರ್ಚು. 2004ರ ಮೇ 14ರಂದು ಮುಖ್ಯಮಂತ್ರಿಯಾಗಿ ಪ್ರಮಾಣ ಮಾಡಿ ಹಾಕಿದ ಮೊದಲ ಸಹಿ ರೈತರ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ತಿನ ಕಡತಕ್ಕೆ.

ಅರ್ಜಿಯಿಂದ ಹಕ್ಕಿಗೆ

ಆಸ್ಪತ್ರೆ ಖರ್ಚಿನ ಮಾತು ಬೇರೆ ದಾರಿಯಲ್ಲಿ ಬಂತು. ಮುಖ್ಯಮಂತ್ರಿಯ ಕ್ಯಾಂಪ್ ಕಚೇರಿಗೆ ಬೆಳಿಗ್ಗೆ ಬರುತ್ತಿದ್ದ ಜನರಲ್ಲಿ ಬಹಳ ಮಂದಿಯ ಕೈಯಲ್ಲಿ ಖಾಸಗಿ ಆಸ್ಪತ್ರೆಯ ಖರ್ಚಿನ ಅಂದಾಜು ಪತ್ರವಿರುತ್ತಿತ್ತು. 2004ರ ಮೇ ತಿಂಗಳಿಂದ 2007ರ ಜೂನ್ ತನಕ ಮುಖ್ಯಮಂತ್ರಿ ಪರಿಹಾರ ನಿಧಿಯಿಂದ 55 ಸಾವಿರಕ್ಕೂ ಹೆಚ್ಚು ರೋಗಿಗಳಿಗೆ 168 ಕೋಟಿ ರೂಪಾಯಿಗೂ ಮಿಕ್ಕಿ ಹಣ ಹೋಯಿತು. ಒಬ್ಬೊಬ್ಬರಿಗೆ ಸರಾಸರಿ 30 ಸಾವಿರ.

ಪರಿಹಾರ ನಿಧಿಯ ತೊಂದರೆ ಏನೆಂದರೆ ಅದು ದಯೆ. ರೋಗಿಗೆ ಶಾಸಕರ ಪರಿಚಯ ಬೇಕು, ಹೈದರಾಬಾದಿಗೆ ಹೋಗಿ ಬರುವ ತ್ರಾಣ ಬೇಕು, ಅಂದಾಜು ಪತ್ರ ಬರೆಸಿಕೊಳ್ಳಬೇಕು, ಸಹಿ ಆಗುವವರೆಗೆ ಕಾಯಬೇಕು. ಆಸ್ಪತ್ರೆ ಎಷ್ಟು ಬರೆದುಕೊಟ್ಟಿತೋ ಅಷ್ಟು ಖರ್ಚು ನಿಜವಾಗಿ ಇದೆಯೇ ಎಂದು ನೋಡುವವರಿಲ್ಲ. ಸಿಕ್ಕಿದ್ದು ಅರ್ಧ ಖರ್ಚಿಗೆ ಸಾಕಾದರೆ ಉಳಿದದ್ದಕ್ಕೆ ಹೊಲವನ್ನೇ ಅಡ ಇಡಬೇಕು. ಸಾವಿರಾರು ಜನ ಒಂದೇ ಥರದ ಅರ್ಜಿ ಹಿಡಿದು ಬರುತ್ತಿದ್ದಾರೆ ಅಂದರೆ ಅದನ್ನು ನಿಯಮವಾಗಿ ಬರೆದುಬಿಡಬೇಕು ಎಂಬ ವಿಚಾರದಿಂದ ಆರೋಗ್ಯಶ್ರೀ ಹುಟ್ಟಿತು. 2007ರ ಏಪ್ರಿಲ್ 1ರಂದು ಮಹಬೂಬ್‌ನಗರ, ಅನಂತಪುರ, ಶ್ರೀಕಾಕುಳಂ ಎಂಬ ಮೂರು ಹಿಂದುಳಿದ ಜಿಲ್ಲೆಗಳಲ್ಲಿ ಶುರುವಾಗಿ 2008ರ ಜುಲೈ ಹೊತ್ತಿಗೆ ಆಗಿನ 23 ಜಿಲ್ಲೆಗಳಿಗೂ ಹರಡಿತು.

ಅದು ನಡೆಯುತ್ತಿದ್ದ ಬಗೆ ಹೀಗೆ. ಬಡವರಿಗೆ ಕೊಡುವ ಬಿಳಿ ರೇಷನ್ ಕಾರ್ಡು ಇದ್ದ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿಯ ರಕ್ಷಣೆ. ಇಡೀ ಮೊತ್ತವನ್ನು ಮನೆಯ ಒಬ್ಬರೇ ಬಳಸಬಹುದು, ಹಂಚಿಕೊಂಡೂ ಬಳಸಬಹುದು. ಮುಗಿದರೆ ಮೇಲೆ 50 ಸಾವಿರದ ಆಪತ್ ಮೊತ್ತ. ಕುಟುಂಬ ಕಂತು ಕಟ್ಟಬೇಕಿಲ್ಲ. ಮೊದಲ ಹಂತಗಳಲ್ಲಿ ಸರ್ಕಾರವೇ ಸ್ಟಾರ್ ಹೆಲ್ತ್ ವಿಮಾ ಕಂಪನಿಗೆ ಪ್ರೀಮಿಯಂ ಕಟ್ಟುತ್ತಿತ್ತು, ನಡುವೆ ಆರೋಗ್ಯಶ್ರೀ ಟ್ರಸ್ಟ್ ನಿಂತು ಉಸ್ತುವಾರಿ ಮಾಡುತ್ತಿತ್ತು. 2008ರಲ್ಲಿ ಸೇರಿಸಿದ ಚಿಕಿತ್ಸೆಗಳಿಗೆ ಟ್ರಸ್ಟೇ ನೇರವಾಗಿ ಹಣ ಕೊಡತೊಡಗಿತು. ಮೊದಲ ಪಟ್ಟಿಯಲ್ಲಿದ್ದದ್ದು ಹೃದಯ, ಕ್ಯಾನ್ಸರ್, ಮೂತ್ರಪಿಂಡ, ಮಿದುಳು ಮತ್ತು ನರ, ಸುಟ್ಟಗಾಯ, ಅಪಘಾತದ ದೊಡ್ಡ ಗಾಯ. ಬೆಳೆಯುತ್ತಾ ಪಟ್ಟಿ 942 ಚಿಕಿತ್ಸೆಗಳಿಗೆ ಏರಿತು.

ಕವಾಟ ಹಾಳಾದ ಆ ಹೆಂಗಸನ್ನೇ ಈ ದಾರಿಯಲ್ಲಿ ನಡೆಸಿ ನೋಡೋಣ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂತಿರುವ ಆರೋಗ್ಯಮಿತ್ರ, ಅಂದರೆ ರೋಗಿಗಳಿಗೆ ದಾರಿ ತೋರುವ ಯೋಜನೆಯ ಸಹಾಯಕ, ಅವಳ ಕಾರ್ಡು ನೋಡಿ ಯಾವ ಆಸ್ಪತ್ರೆಗೆ ಹೋಗಬೇಕೆಂದು ಚೀಟಿ ಕೊಡುತ್ತಾನೆ. ಅಥವಾ ಊರಿಗೆ ಬಂದ ಆರೋಗ್ಯ ಶಿಬಿರದಲ್ಲೇ ಎದೆಯ ಮರ್ಮರ ಶಬ್ದ ಕೇಳಿ ಕಳಿಸುತ್ತಾರೆ. ಜಾಲಕ್ಕೆ ಸೇರಿದ ಆಸ್ಪತ್ರೆಗೆ ಕನಿಷ್ಠ 50 ಹಾಸಿಗೆ ಇರಬೇಕು, ಹಳ್ಳಿಗಳಲ್ಲಿ ಉಚಿತ ಶಿಬಿರ ನಡೆಸಲೇಬೇಕು ಎಂಬುದು ಕರಾರು. ಆಸ್ಪತ್ರೆಯ ಬಾಗಿಲಲ್ಲೇ ಇನ್ನೊಬ್ಬ ಆರೋಗ್ಯಮಿತ್ರನ ಮೇಜು. ಅವನು ಕಾರ್ಡಿನ ಹೆಸರು, ಫೋಟೊ ತಾಳೆ ನೋಡಿ ದಾಖಲಿಸುತ್ತಾನೆ. ಎಕೋ, ರಕ್ತಪರೀಕ್ಷೆ ಮುಗಿದ ಮೇಲೆ ಆಸ್ಪತ್ರೆ ವರದಿಗಳನ್ನೆಲ್ಲ ಆನ್‌ಲೈನ್‌ನಲ್ಲಿ ಕಳಿಸಿ ಪೂರ್ವಾನುಮತಿ ಕೇಳುತ್ತದೆ. ಆ ಕಡೆ ಕೂತ ವೈದ್ಯರು ಚಿತ್ರ ನೋಡಿ, ಶಸ್ತ್ರಚಿಕಿತ್ಸೆ ನಿಜಕ್ಕೂ ಬೇಕೇ ಎಂದು ತೀರ್ಮಾನಿಸಿ ಗಂಟೆಗಳ ಲೆಕ್ಕದಲ್ಲಿ ಉತ್ತರ ಕೊಡಬೇಕು. ತುರ್ತಾದರೆ ಫೋನಿನಲ್ಲೇ ಅನುಮತಿ.

ದರ ಮೊದಲೇ ಗೊತ್ತು ಮಾಡಿದ ಪ್ಯಾಕೇಜು. ಕವಾಟ, ಔಷಧಿ, ಆಪರೇಷನ್ ಕೊಠಡಿ, ಐಸಿಯು, ರೋಗಿಯ ಊಟ, ಮನೆಗೆ ಹೋಗುವ ಬಸ್ ಚಾರ್ಜು, ಬಿಡುಗಡೆಯ ನಂತರ ಹತ್ತು ದಿನದ ಔಷಧಿ, ಎಲ್ಲವೂ ಅದರೊಳಗೆ. ಹೊರಡುವಾಗ ರೋಗಿ ಸಹಿ ಹಾಕಿದ ಪತ್ರ, ಫೋಟೊ, ಡಿಸ್ಚಾರ್ಜ್ ವರದಿ ಇಟ್ಟು ಆಸ್ಪತ್ರೆ ಬಿಲ್ಲು ಕಳಿಸುತ್ತದೆ. ಹೆಂಗಸಿನ ಕೈಗೆ ದುಡ್ಡೂ ಬರುವುದಿಲ್ಲ, ಕೈಯಿಂದ ದುಡ್ಡೂ ಹೋಗುವುದಿಲ್ಲ. ಕೂಲಿ ಮಾಡುವವರ ಮನೆಗೆ ಇದು ಎಷ್ಟು ದೊಡ್ಡ ಸಂಗತಿ ಎಂಬುದನ್ನು ಆ ಸೀಮೆಯಲ್ಲಿ ಆಸ್ಪತ್ರೆ ಸಾಲ ಕಂಡವರೇ ಹೇಳಬಲ್ಲರು.

ಇದರ ಅಕ್ಕಪಕ್ಕ ಇನ್ನೆರಡು ಕೆಲಸ ನಡೆದವು. 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಖಾಸಗಿ ದತ್ತಿ ಸಂಸ್ಥೆಯೊಂದು ಶುರು ಮಾಡಿದ 108 ಆಂಬ್ಯುಲೆನ್ಸ್ ಸೇವೆಗೆ ಸರ್ಕಾರ ಕೈಜೋಡಿಸಿ ರಾಜ್ಯದುದ್ದಕ್ಕೂ ಹರಡಿತು. ಕರ್ನಾಟಕದಲ್ಲಿ ಅದೇ 108 ಆರೋಗ್ಯ ಕವಚವೆಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಬಂತು. ಎರಡನೆಯದು 104 ವ್ಯಾನು. ಆರೋಗ್ಯ ಕೇಂದ್ರದಿಂದ 3 ಕಿಲೋಮೀಟರಿಗಿಂತ ದೂರವಿರುವ ಊರಿಗೆ ತಿಂಗಳಿಗೊಮ್ಮೆ ಗೊತ್ತಾದ ದಿನ ವ್ಯಾನು ಬಂದು ಬಸುರಿಯರ ತಪಾಸಣೆ ಮಾಡಬೇಕು, ಬಿಪಿ, ಸಕ್ಕರೆ ಕಾಯಿಲೆಯವರಿಗೆ ತಿಂಗಳ ಮಾತ್ರೆ ಕೊಡಬೇಕು. ಪುಲಿವೆಂದುಲದ ಒಂದು ರೂಪಾಯಿ ಡಾಕ್ಟರಿಗೆ ತೀರ ಹತ್ತಿರದ ಯೋಜನೆ ಇದೇ. ಹೆಸರು ಬಂದದ್ದು ಮಾತ್ರ ಆರೋಗ್ಯಶ್ರೀಗೆ.

ಎಲ್ಲಿ ಸೋರಿತು

ಪ್ಯಾಕೇಜು ದರದಲ್ಲಿ ಒಂದು ಗುಣ, ಒಂದು ಅಪಾಯ. ಆಸ್ಪತ್ರೆ ಬಿಲ್ಲು ಉಬ್ಬಿಸಲಾಗದು, ಇದು ಗುಣ. ಆದರೆ ಆಪರೇಷನ್ ಮಾಡಿದರೆ ಮಾತ್ರ ದುಡ್ಡು, ಮಾತ್ರೆಯಲ್ಲಿ ವಾಸಿ ಮಾಡಿದರೆ ಏನೂ ಇಲ್ಲ ಎಂದಾಗ ಕತ್ತಿ ಬೇಗ ಕೈಗೆ ಬರುತ್ತದೆ. ಕಿಬ್ಬೊಟ್ಟೆ ನೋವು, ಬಿಳಿಸೆರಗು ಎಂದು ಬಂದ ಮೂವತ್ತರ ಆಸುಪಾಸಿನ ಹೆಂಗಸರಿಗೂ ಗರ್ಭಕೋಶ ತೆಗೆಯುವುದು ಹೆಚ್ಚಾಯಿತೆಂಬ ದೂರು ಎದ್ದದ್ದು ಹೀಗೆ. ಅದಕ್ಕಾಗಿಯೇ ಮುಂದೆ ಅಂಥ ಕೆಲವು ಶಸ್ತ್ರಚಿಕಿತ್ಸೆಗಳನ್ನು ಸರ್ಕಾರಿ ಆಸ್ಪತ್ರೆಗಳಿಗೇ ಮೀಸಲಿಡಬೇಕಾಯಿತು. ಕ್ಯಾನ್ಸರ್, ಹೃದಯ ಚಿಕಿತ್ಸೆಯಲ್ಲಿ ಈ ಅಪಾಯ ಕಡಿಮೆ, ಏಕೆಂದರೆ ಬಯಾಪ್ಸಿ ವರದಿ, ಆಂಜಿಯೊಗ್ರಾಂ ಚಿತ್ರ ದೂರದಲ್ಲಿ ಕೂತ ವೈದ್ಯರಿಗೂ ಕಾಣುತ್ತದೆ. ನೋವನ್ನು ಯಾವ ಚಿತ್ರದಲ್ಲೂ ನೋಡಲಾಗದು. ಆದ್ದರಿಂದ ಪಟ್ಟಿಗೆ ಏನನ್ನು ಸೇರಿಸುತ್ತೀರಿ ಎಂಬುದು ದರ ಎಷ್ಟು ಎಂಬುದರಷ್ಟೇ ಮುಖ್ಯ.

ಎರಡನೆಯ ಸೋರಿಕೆ ಪರೀಕ್ಷೆಗಳದ್ದು. ಪರೀಕ್ಷೆ ಮಾಡಿ ಪಟ್ಟಿಯಲ್ಲಿರುವ ರೋಗ ಸಿಕ್ಕಿದರೆ ಖರ್ಚು ಪ್ಯಾಕೇಜಿನಲ್ಲಿ ಹೋಗುತ್ತದೆ. ಸಿಗದಿದ್ದರೆ ಆ ಸ್ಕ್ಯಾನಿನ ಖರ್ಚು ಆಸ್ಪತ್ರೆಯ ತಲೆಗೆ. ಕಾಗದದ ಮೇಲೆ ಅದು ಉಚಿತವಾದರೂ ಕೌಂಟರಿನಲ್ಲಿ ರೋಗಿಯಿಂದಲೇ ತೆಗೆದುಕೊಳ್ಳುವ ಆಸೆ ಇಲ್ಲಿ ಹುಟ್ಟುತ್ತದೆ.

ಆದರೆ ದೊಡ್ಡ ಕೊರತೆ ಕಳ್ಳತನದ್ದಲ್ಲ. ಯೋಜನೆ ಕಟ್ಟಿದ ರೀತಿಯಲ್ಲೇ ಅದು ಇತ್ತು. ಪಟ್ಟಿಯಲ್ಲಿ ಕವಾಟ ಬದಲಾವಣೆ ಇತ್ತು, ಪೆನ್ಸಿಲಿನ್ ಚುಚ್ಚುಮದ್ದು ಇರಲಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಕೊಳ್ಳಲಾಗದೆ ಮೂತ್ರಪಿಂಡ ಕೆಟ್ಟ ಮೇಲೆ ಆಸ್ಪತ್ರೆಯ ಬಾಗಿಲು ತೆರೆಯುತ್ತಿತ್ತು. ಹಳ್ಳಿಯವರು ಆಸ್ಪತ್ರೆಗೆ ಹೋಗುವ ಬಹುಪಾಲು ಕಾರಣ ಜ್ವರ, ಭೇದಿ, ಕೆಮ್ಮು, ಬಿಪಿ, ಗಾಯ, ನೋವು. ಇವುಗಳ ಔಷಧಿಗೆ ಜೇಬಿನಿಂದ ಹೋಗುವ ದುಡ್ಡು ಹಾಗೆಯೇ ಉಳಿಯಿತು. ಇದನ್ನು ನೋಡಿಕೊಳ್ಳಬೇಕಾದ್ದು ಪ್ರಾಥಮಿಕ ಆರೋಗ್ಯ ಕೇಂದ್ರ. ಬಯಲುಸೀಮೆಯಲ್ಲಿ 30 ಸಾವಿರ ಜನರಿಗೊಂದು, ಅದರ ಕೆಳಗೆ 5 ಸಾವಿರಕ್ಕೊಂದು ಉಪಕೇಂದ್ರ ಎಂಬುದು ದೇಶದ ಅಳತೆ. ಅಲ್ಲಿ ಡಾಕ್ಟರ ಹುದ್ದೆ ಖಾಲಿ, ಫಾರ್ಮಸಿಯಲ್ಲಿ ಔಷಧಿ ಇಲ್ಲ ಎಂಬಲ್ಲಿಗೆ ಆರೋಗ್ಯಶ್ರೀಯ ಹಣ ತಲುಪುವುದಿಲ್ಲ, ಏಕೆಂದರೆ ಅದು ಹೋಗುವುದು ಬಹುಪಾಲು ನಗರದ ಖಾಸಗಿ ಆಸ್ಪತ್ರೆಗೆ.

ಹಳ್ಳಿ ಡಾಕ್ಟರೊಬ್ಬರು ಹಳ್ಳಿ ಆಸ್ಪತ್ರೆಯನ್ನು ಬಿಟ್ಟು ದೊಡ್ಡ ಆಸ್ಪತ್ರೆಗೇಕೆ ಹಣ ಸುರಿದರು? ಜ್ವರದವರಿಗೆ ಒಂದು ರೂಪಾಯಿಯಲ್ಲಿ ಏನಾದರೂ ಮಾಡಬಹುದು ಎಂಬ ಧೈರ್ಯ ಅಂಥ ಡಾಕ್ಟರಿಗಿರುತ್ತದೆ. ಅವರನ್ನು ಕಾಡುವುದು ಚೀಟಿ ಬರೆದು ಹೈದರಾಬಾದಿಗೋ ವೆಲ್ಲೂರಿಗೋ ಕಳಿಸಿದ ರೋಗಿ ಅಲ್ಲಿಗೆ ಹೋಗದೆ ಮನೆಗೆ ಹೋಗಿ ಸತ್ತ ಸುದ್ದಿ. ಆ ಚೀಟಿಗೆ ಬೆಲೆ ತಂದುಕೊಟ್ಟದ್ದೇ ಆರೋಗ್ಯಶ್ರೀ ಎಂದು ನೋಡಿದರೆ ಅದರ ಆಕಾರ ಅರ್ಥವಾಗುತ್ತದೆ. ರಾಜಕಾರಣಿಯ ಲೆಕ್ಕವೂ ಇದಕ್ಕೆ ಕೂಡಿಕೊಂಡಿತು: ಬದುಕಿ ಬಂದ ಹೃದ್ರೋಗಿಯನ್ನು ಇಡೀ ಊರು ನೋಡುತ್ತದೆ, ಬಾರದೇ ಹೋದ ಹೃದ್ರೋಗ ಯಾರ ಕಣ್ಣಿಗೂ ಬೀಳುವುದಿಲ್ಲ. 2009ರ ಮೇ ತಿಂಗಳಲ್ಲಿ ಕಾಂಗ್ರೆಸ್ 294ರಲ್ಲಿ 156 ಸ್ಥಾನ ಗೆದ್ದು ಅವರು ಮತ್ತೆ ಮುಖ್ಯಮಂತ್ರಿಯಾದರು.

ಅದೇ ವರ್ಷ ಸೆಪ್ಟೆಂಬರ್ 2ರಂದು ಚಿತ್ತೂರು ಜಿಲ್ಲೆಯ ಹಳ್ಳಿಯಲ್ಲಿ ಜನರ ಅಹವಾಲು ಕೇಳುವ ರಚ್ಚಬಂಡ ಕಾರ್ಯಕ್ರಮಕ್ಕೆಂದು ಅವರು ಹೈದರಾಬಾದಿನ ಬೇಗಂಪೇಟೆಯಿಂದ ಹೊರಟ ಬೆಲ್ 430 ಹೆಲಿಕಾಪ್ಟರು ಕೆಟ್ಟ ಹವೆಯಲ್ಲಿ ನಲ್ಲಮಲ ಕಾಡಿನಲ್ಲಿ ಬಿತ್ತು. ಅದರಲ್ಲಿದ್ದ ಐವರೂ ತೀರಿಕೊಂಡದ್ದು ಮರುದಿನ ಗೊತ್ತಾಯಿತು. ಅವರ ಆಡಳಿತದ ಭೂಮಿ, ಗಣಿ ಹಂಚಿಕೆಗಳ ಬಗ್ಗೆ ಎದ್ದ ಆರೋಪಗಳು ಆಮೇಲೆ ಸಿಬಿಐ ತನಿಖೆ, ನ್ಯಾಯಾಲಯಗಳವರೆಗೆ ಹೋದವು. ಜೀವನವನ್ನು ಪೂರ್ತಿ ಹೇಳುವವರು ಅದನ್ನೂ ಹೇಳಬೇಕು.

ಗುಲ್ಬರ್ಗಕ್ಕೆ ಮರಳಿ

ಕರ್ನಾಟಕ ಸರ್ಕಾರ ಇದೇ ಮಾದರಿಯನ್ನು ತೆಗೆದುಕೊಂಡು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ 2010ರ ಫೆಬ್ರವರಿಯಲ್ಲಿ ವಾಜಪೇಯಿ ಆರೋಗ್ಯಶ್ರೀ ತಂದಾಗ ಮೊದಲು ಆರಿಸಿದ್ದು ಗುಲ್ಬರ್ಗ ವಿಭಾಗವನ್ನು, ಅಂದರೆ ರಾಜಶೇಖರ ರೆಡ್ಡಿಯವರು ಎಂಬಿಬಿಎಸ್ ಕಲಿತ ಊರಿನ ಸುತ್ತಲಿನ ಜಿಲ್ಲೆಗಳನ್ನು. ಮೊತ್ತವೂ ಅದೇ, ಒಂದೂವರೆ ಲಕ್ಷ, ಮೇಲೆ 50 ಸಾವಿರ. ವಿಮಾ ಕಂಪನಿಯನ್ನು ಮಾತ್ರ ಕೈಬಿಟ್ಟು ಟ್ರಸ್ಟೇ ನೇರವಾಗಿ ಆಸ್ಪತ್ರೆಗಳಿಗೆ ಹಣ ಕೊಟ್ಟಿತು. ಆಮೇಲೆ ಬೆಳಗಾವಿ ವಿಭಾಗ ಸೇರಿತು.

ಯೋಜನೆ ಒಂದು ಗೆರೆಯ ತನಕ ಬಂದು ನಿಂತದ್ದರಿಂದ ಅಪರೂಪದ ಹೋಲಿಕೆ ಸಾಧ್ಯವಾಯಿತು. ಗಡಿಯ ಆಚೆ ಈಚೆ ಇರುವ, ಬೇರೆಲ್ಲ ರೀತಿಯಲ್ಲಿ ಒಂದೇ ಥರದ ಹಳ್ಳಿಗಳ ಬಡ ಕುಟುಂಬಗಳನ್ನು ಸಂಶೋಧಕರು ಸಮೀಕ್ಷೆ ಮಾಡಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಫಲಿತಾಂಶ ಹೀಗಿತ್ತು: ಯೋಜನೆಯ ಪಟ್ಟಿಗೆ ಸೇರುವ ಕಾಯಿಲೆಗಳಿಂದ ಸತ್ತವರ ಪ್ರಮಾಣ ಕಾರ್ಡು ನಡೆಯುವ ಕಡೆ ಶೇ. 0.32, ನಡೆಯದ ಕಡೆ ಶೇ. 0.90. ಆಸ್ಪತ್ರೆಗೆ ಸೇರಿದಾಗ ಜೇಬಿನಿಂದ ಹೋದ ಖರ್ಚು ಶೇ. 60ರಷ್ಟು ಕಡಿಮೆ. ದೊಡ್ಡ ಆಸ್ಪತ್ರೆಗಳೆಲ್ಲ ಬೆಂಗಳೂರಿನಂಥ ಕಡೆಯೇ ಇದ್ದರೂ ಇಷ್ಟಾಯಿತು. ಶಿಬಿರ ಹಳ್ಳಿಗೇ ಹೋದದ್ದು ಇದರಲ್ಲಿ ದೊಡ್ಡ ಪಾಲು ಪಡೆಯಬೇಕು.

ಆಂಧ್ರದಲ್ಲಿ ಸರ್ಕಾರ ಬದಲಾದಂತೆ ಯೋಜನೆಯ ಹೆಸರು ಬದಲಾಗುತ್ತ ಬಂದಿದೆ. ಒಮ್ಮೆ ಎನ್‌ಟಿಆರ್ ವೈದ್ಯಸೇವೆ, ಒಮ್ಮೆ ವೈಎಸ್‌ಆರ್ ಆರೋಗ್ಯಶ್ರೀ, ಮತ್ತೆ ವೈದ್ಯಸೇವೆ. ತೆಲಂಗಾಣದಲ್ಲಿ 2023ರಲ್ಲಿ ಮೊತ್ತ 10 ಲಕ್ಷಕ್ಕೆ ಏರಿದೆ. ನಮ್ಮಲ್ಲಿ 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದೊಳಗೆ ಬಡ ಕುಟುಂಬಕ್ಕೆ 5 ಲಕ್ಷ. ಮೊತ್ತ ಏರಿದ ವೇಗದಲ್ಲಿ ಹಳ್ಳಿಯ ತುದಿ ಬಲವಾಗಿಲ್ಲ.

ಲೋಹದ ಕವಾಟ ಹಾಕಿಸಿಕೊಂಡು ಊರಿಗೆ ಬಂದ ಹೆಂಗಸು ಜೀವನಪೂರ್ತಿ ವಾರ್ಫರಿನ್ ಮಾತ್ರೆ ನುಂಗಬೇಕು, ಇಲ್ಲದಿದ್ದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಮಾತ್ರೆ ಹೆಚ್ಚಾದರೆ ರಕ್ತಸ್ರಾವ. ಹಾಗಾಗಿ ತಿಂಗಳಿಗೊಮ್ಮೆಯಾದರೂ ರಕ್ತ ಹೆಪ್ಪುಗಟ್ಟುವ ವೇಗ ಅಳೆಯುವ ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸಿ ಅದು 2.5ರಿಂದ 3.5ರ ನಡುವೆ ಇದೆಯೇ ನೋಡಬೇಕು. ಆಪರೇಷನ್ ಉಚಿತವಾಗಿ ಆದರೂ ಈ ಪರೀಕ್ಷೆಗೆ ಬಸ್ ಹಿಡಿದು ಪೇಟೆಗೆ ಹೋಗಬೇಕಾದರೆ ಮೂರನೇ ತಿಂಗಳಿಗೇ ತಪ್ಪುತ್ತದೆ.

ಅವಳ ಮಗಳಿಗೆ ಗಂಟಲು ನೋವು ಬಂದು ಮಂಡಿ ಊದಿದರೆ ಊರ ಆರೋಗ್ಯ ಕೇಂದ್ರದಲ್ಲಿ ಬೆಂಜಥೀನ್ ಪೆನ್ಸಿಲಿನ್ ವಯಲ್ ಇರಬೇಕು. ಇದ್ದರೂ ಕೊಡಲು ಹೆದರುವವರು ಬಹಳ. ಸಾವಿರಾರು ಜನರಲ್ಲಿ ಒಬ್ಬರಿಗೆ ಅಲರ್ಜಿಯಿಂದ ರಕ್ತದೊತ್ತಡ ಕುಸಿಯಬಹುದು. ಆದ್ದರಿಂದ ಹಿಂದೆ ಪೆನ್ಸಿಲಿನ್ ಒಗ್ಗಿಲ್ಲವೇ ಎಂದು ಕೇಳಿ, ಅಂಥ ಅಲರ್ಜಿಗೆ ಕೊಡುವ ಅಡ್ರಿನಲಿನ್ ಆಂಪೂಲು ಪಕ್ಕದಲ್ಲೇ ಇಟ್ಟುಕೊಂಡು, ಚುಚ್ಚಿದ ಮೇಲೆ ಅರ್ಧ ಗಂಟೆ ಹುಡುಗಿಯನ್ನು ಬೆಂಚಿನ ಮೇಲೆ ಕೂರಿಸಬೇಕು. ಪುಡಿಗೆ ನೀರು ಬೆರೆಸಿದರೆ ಮಜ್ಜಿಗೆಯಂತೆ ಗಟ್ಟಿಯಾಗುತ್ತದೆ. ಸಣ್ಣ ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ, ದಪ್ಪ ಸೂಜಿಯೇ ಬೇಕು, ನಿಧಾನವಾಗಿ ಚುಚ್ಚಬೇಕು. ನೋಯುತ್ತದೆ, ಹುಡುಗಿ ಮುಂದಿನ ಸಲ ಬರಲೊಲ್ಲೆ ಅನ್ನುತ್ತಾಳೆ. ಮೂರು ವಾರ ತುಂಬಿದ ದಿನ ಅವಳು ಬಾರದಿದ್ದರೆ ರಿಜಿಸ್ಟರಿನಲ್ಲಿ ಹೆಸರು ನೋಡಿ ಆಶಾ ಕಾರ್ಯಕರ್ತೆಯನ್ನು ಮನೆಗೆ ಕಳಿಸಲು ಅಲ್ಲೊಬ್ಬರು ಇರಬೇಕು.